ಬೀಗತನ ಒಲ್ಲದ ಪಕ್ಷಗಳು

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದ ಡಾ. ವಿವೇಕ್ ಮೂರ್ತಿ ಅವರನ್ನು ಅಧ್ಯಕ್ಷ ಬರಾಕ್ ಒಬಾಮ 2013ರ ನವೆಂಬರ್‌ನಲ್ಲಿ ಅಮೆರಿಕದ ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದರು. ಹೆಸರಿನಲ್ಲಿ ಸರ್ಜನ್ ಎಂದಿದ್ದರೂ ಈ ಹುದ್ದೆಯವರು ಕತ್ತರಿ ಹಿಡಿಯುವುದಿಲ್ಲ. ಹೊಗೆಸೊಪ್ಪು, ಸಾಂಕ್ರಾಮಿಕ ರೋಗ, ಮಾನಸಿಕ ಆರೋಗ್ಯದಂಥ ವಿಷಯಗಳಲ್ಲಿ ಇಡೀ ದೇಶಕ್ಕೆ ಮನೆವೈದ್ಯರ ಹಾಗೆ ಬುದ್ಧಿ ಹೇಳುವುದು ಅವರ ಕೆಲಸ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು 1964ರಲ್ಲಿ ಸಾರಿದ ವರದಿ ಇದೇ ಕಚೇರಿಯದು. ಮೂರ್ತಿ ಅವರಿಗೆ ಆಗ 36 ವರ್ಷ. ಇಂಗ್ಲೆಂಡಿನಲ್ಲಿ ಹುಟ್ಟಿ, ಮಯಾಮಿಯಲ್ಲಿ ಬೆಳೆದು, ಓದಿ ವೈದ್ಯರಾದವರು.

ಈ ನೇಮಕಕ್ಕೆ ಒಪ್ಪಿಗೆ ಕೊಡಬೇಕಾದ ಸಂಸತ್ತಿನ ಮೇಲ್ಮನೆ ಸೆನೆಟ್ ಅವರನ್ನು ಒಂದು ವರ್ಷಕ್ಕೂ ಮೀರಿ ಬಾಗಿಲಲ್ಲೇ ನಿಲ್ಲಿಸಿತು. ವಯಸ್ಸು ಚಿಕ್ಕದು, ಅನುಭವ ಸಾಲದು ಎಂಬ ಆಕ್ಷೇಪವೂ ಇತ್ತು. ಆದರೆ ಗಂಟಲಲ್ಲಿ ಮುಳ್ಳಾದದ್ದು 2012ರಲ್ಲಿ ಅವರು ಟ್ವಿಟರ್‌ನಲ್ಲಿ ಬರೆದ ಒಂದು ಮಾತು: ಬಂದೂಕು ಆರೋಗ್ಯದ ಪ್ರಶ್ನೆಯೂ ಹೌದು ಎಂಬುದು. ಗುಂಡೇಟು ತಿಂದು ಬಂದವರನ್ನು ಮೇಜಿನ ಮೇಲೆ ಮಲಗಿಸಿಕೊಳ್ಳುವ ಯಾವ ವೈದ್ಯರಿಗಾದರೂ ಇದು ದಿನನಿತ್ಯದ ಸಂಗತಿ. ಬಂದೂಕು ಮಾಲೀಕರ ಪ್ರಬಲ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ವಿರೋಧಕ್ಕೆ ನಿಂತಿತು. ರಿಪಬ್ಲಿಕನ್ನರು ಕೈಕಟ್ಟಿ ಕೂತರು. ಬಂದೂಕು ಪ್ರಿಯ ರಾಜ್ಯಗಳಿಂದ ಬಂದ ಕೆಲವು ಡೆಮಾಕ್ರಟಿಕ್ ಸೆನೆಟರುಗಳು ಚುನಾವಣೆ ಮುಗಿಯಲಿ ಎಂದು ಕಾದರು. ಇದರ ನಡುವೆ 2014ರ ಸೆಪ್ಟೆಂಬರ್ 30ರಂದು ಡಲ್ಲಾಸ್‌ನಲ್ಲಿ ಎಬೋಲಾ ರೋಗಿ ಪತ್ತೆಯಾದರು. ಅಮೆರಿಕದ ನೆಲದಲ್ಲಿ ಪತ್ತೆಯಾದ ಮೊದಲ ಪ್ರಕರಣ ಅದು. ದೇಶ ಗಾಬರಿಗೊಂಡು ನಂಬಿಕಸ್ತ ವೈದ್ಯರೊಬ್ಬರ ಮಾತಿಗೆ ಕಾಯುತ್ತಿದ್ದಾಗ ಆ ಕುರ್ಚಿಯಲ್ಲಿ ಸೆನೆಟ್ ಒಪ್ಪಿದ ವೈದ್ಯರು ಇರಲಿಲ್ಲ. ಕೊನೆಗೆ ಡಿಸೆಂಬರ್ 15ರಂದು 51–43 ಮತಗಳಿಂದ ಮೂರ್ತಿ ಗೆದ್ದರು. ಪರವಾಗಿ ಕೈ ಎತ್ತಿದ ರಿಪಬ್ಲಿಕನ್ ಒಬ್ಬರೇ, ಇಲಿನಾಯ್ ರಾಜ್ಯದ ಮಾರ್ಕ್ ಕರ್ಕ್.

ಒಂದು ದೇಶದ ಎರಡು ಪಕ್ಷಗಳು ಒಬ್ಬ ವೈದ್ಯನ ಮಾತನ್ನೂ 'ಅವರ ಕಡೆಯವರ ಮಾತು' ಎಂದು ಕೇಳುವ ಸ್ಥಿತಿಗೆ ಹೇಗೆ ಬಂದವು ಎಂಬುದು ಈ ಉಪನ್ಯಾಸದ ವಿಷಯ.

ಮೊದಲು ಹೆಸರುಗಳ ಮಾತು. ಅಮೆರಿಕದಲ್ಲಿ 'ಲಿಬರಲ್' ಅಥವಾ ಉದಾರವಾದಿ ಅಂದರೆ ಬಡವರ, ಕಪ್ಪು ಜನರ, ಹೆಣ್ಣುಮಕ್ಕಳ ಹಕ್ಕಿಗಾಗಿ ಸರ್ಕಾರ ಮುಂದೆ ಬರಬೇಕು ಎನ್ನುವವರು. 'ಕನ್ಸರ್ವೇಟಿವ್' ಅಥವಾ ಸಂಪ್ರದಾಯವಾದಿ ಅಂದರೆ ಸರ್ಕಾರ ಚಿಕ್ಕದಿರಬೇಕು, ಕುಟುಂಬ, ಚರ್ಚು, ಸ್ಥಳೀಯ ಸಮುದಾಯ ದೊಡ್ಡದಿರಬೇಕು ಎನ್ನುವವರು. ಇಂದು ಮೊದಲಿನವರು ಬಹುಪಾಲು ಡೆಮಾಕ್ರಟಿಕ್ ಪಕ್ಷದಲ್ಲಿ, ಎರಡನೆಯವರು ಬಹುಪಾಲು ರಿಪಬ್ಲಿಕನ್ ಪಕ್ಷದಲ್ಲಿ ಇದ್ದಾರೆ. ಈ 'ಬಹುಪಾಲು' ಎಂಬ ಮಾತು ಬಹಳ ಹಳೆಯದಲ್ಲ; ಕಥೆಯ ಗಂಟು ಇರುವುದೇ ಅಲ್ಲಿ. ರಿಪಬ್ಲಿಕನ್ನರಿಗೆ ಕೆಂಪು, ಡೆಮಾಕ್ರಟರಿಗೆ ನೀಲಿ ಎಂಬ ಬಣ್ಣಗಳೂ ಈಚಿನವು. 2000ನೇ ಇಸವಿಯಲ್ಲಿ ಫ್ಲೋರಿಡಾದ ಮತ ಎಣಿಕೆ ವಾರಗಟ್ಟಲೆ ಎಳೆದು, 537 ಮತಗಳ ಅಂತರದಲ್ಲಿ ಅಧ್ಯಕ್ಷ ಪದವಿ ತೀರ್ಮಾನವಾಗುವ ಹೊತ್ತಿಗೆ, ಟೀವಿಯ ನಕ್ಷೆ ನೋಡಿ ನೋಡಿ ಆ ಬಣ್ಣಗಳು ಜನರ ಕಣ್ಣಿಗಂಟಿದವು. ಅದಕ್ಕೂ ಮುಂಚೆ ಒಂದೊಂದು ಚಾನೆಲ್ ಒಂದೊಂದು ಬಗೆಯಲ್ಲಿ ಬಳಿಯುತ್ತಿತ್ತು. ಕೆಂಪೆಂದರೆ ಎಡಪಕ್ಷ ಎಂದೇ ಓದುವ ನಮ್ಮ ಕಣ್ಣಿಗೆ ಅಲ್ಲಿ ಕೆಂಪು ಬಲಪಂಥದ ಗುರುತು ಎಂಬುದು ಇಂದಿಗೂ ತಡೆಯುತ್ತದೆ.

ಜನ ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆ ಎಂದು ಅಳೆಯಲು ಮದುವೆಗಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾರ ಮನೆಯಲ್ಲಿ ಉಣ್ಣುತ್ತೇವೆ, ಯಾರ ಜೊತೆ ಬೀಗತನ ಬೆಳೆಸುತ್ತೇವೆ ಎಂಬುದರಲ್ಲೇ ನಮ್ಮ ಸಮಾಜದ ಗೋಡೆಗಳೆಲ್ಲ ಎದ್ದಿವೆ. 1960ರ ಸುಮಾರಿಗೆ ಗೇಬ್ರಿಯಲ್ ಆಲ್ಮಂಡ್ ಮತ್ತು ಸಿಡ್ನಿ ವರ್ಬಾ ಎಂಬ ವಿದ್ವಾಂಸರು ಐದು ದೇಶಗಳ ಪೌರಜೀವನವನ್ನು ಅಧ್ಯಯನ ಮಾಡುವಾಗ ಅಮೆರಿಕದ ಜನರನ್ನೂ ಕೇಳಿದರು: ನಿಮ್ಮ ಮಗನೋ ಮಗಳೋ ಇನ್ನೊಂದು ಪಕ್ಷದವರನ್ನು ಮದುವೆಯಾದರೆ ಬೇಸರವೇ? ಬೇಸರ ಎಂದವರು ನೂರಕ್ಕೆ ಐದರ ಆಸುಪಾಸು. ಉಳಿದವರಿಗೆ ಅದು ಲೆಕ್ಕಕ್ಕೇ ಬಾರದ ವಿಷಯ. ಐವತ್ತು ವರ್ಷಗಳ ನಂತರ, 2010ರಲ್ಲಿ, ಅದೇ ಬಗೆಯ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಡೆಮಾಕ್ರಟರಲ್ಲಿ ಮೂರರಲ್ಲೊಂದು ಪಾಲು ಜನ ತಮಗೆ ಅಸಮಾಧಾನವಾಗುತ್ತದೆ ಎಂದರು. ಇದೇ ಐವತ್ತು ವರ್ಷಗಳಲ್ಲಿ ಬೇರೆ ಬಣ್ಣದವರ, ಬೇರೆ ಧರ್ಮದವರ ನಡುವಿನ ಮದುವೆಗೆ ಅಮೆರಿಕನ್ನರ ವಿರೋಧ ಕರಗುತ್ತ ಬಂದಿತ್ತು. ಒಂದು ಗೋಡೆ ಇಳಿಯುತ್ತಿದ್ದ ಹೊತ್ತಿಗೆ ಪಕ್ಕದಲ್ಲೇ ಇನ್ನೊಂದು ಗೋಡೆ ಎದ್ದಿತು.

ಈ ಬದಲಾವಣೆಯನ್ನು ಎದ್ದುಕಾಣುವಂತೆ ತೋರಿಸಿಕೊಟ್ಟವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾಂತೋ ಅಯ್ಯಂಗಾರ್ ಮುಖ್ಯರು. ಅವರೂ ಶಾನ್ ವೆಸ್ಟ್‌ವುಡ್ ಅವರೂ ಮಾಡಿದ ಒಂದು ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರ ಮುಂದೆ ಇಬ್ಬರು ಹೈಸ್ಕೂಲು ವಿದ್ಯಾರ್ಥಿಗಳ ವಿವರ ಇಟ್ಟು, ವಿದ್ಯಾರ್ಥಿವೇತನ ಯಾರಿಗೆ ಸಲ್ಲಬೇಕು ಎಂದು ಕೇಳಿದರು. ಅಂಕಗಳು, ಹವ್ಯಾಸಗಳು, ಜೊತೆಗೆ ಒಂದು ಸಣ್ಣ ಸುಳಿವು: ಒಬ್ಬ ವಿದ್ಯಾರ್ಥಿ ಶಾಲೆಯಲ್ಲಿ ಎಳೆಯ ಡೆಮಾಕ್ರಟರ ಕೂಟಕ್ಕೆ ಅಧ್ಯಕ್ಷ, ಇನ್ನೊಬ್ಬ ಎಳೆಯ ರಿಪಬ್ಲಿಕನ್ನರ ಕೂಟಕ್ಕೆ. ಪಕ್ಷನಿಷ್ಠರಲ್ಲಿ ಐವರಲ್ಲಿ ನಾಲ್ವರು ತಮ್ಮ ಪಕ್ಷದ ಹುಡುಗನನ್ನೇ ಆರಿಸಿದರು. ಎದುರು ಪಕ್ಷದವನ ಅಂಕ ಹೆಚ್ಚಿದ್ದಾಗಲೂ ಹೆಚ್ಚಿನವರ ಕೈ ತಮ್ಮವನ ಕಡೆಗೇ ಹೋಯಿತು. ಓದುವ ಮಗುವಿನ ಫೀಸಿನ ಮಾತಿದು! ತೆರಿಗೆ, ಗರ್ಭಪಾತ, ಬಂದೂಕು ಇವುಗಳ ಬಗ್ಗೆ ಜಗಳವಿರುವುದು ಸಹಜ. ಹದಿನಾರು ಹದಿನೇಳು ವರ್ಷದ ವಿದ್ಯಾರ್ಥಿಯ ಯೋಗ್ಯತೆ ಕಾಣದಷ್ಟು ಪಕ್ಷ ಕಣ್ಣಿಗೆ ಕಟ್ಟಿದೆ ಎಂದಾದರೆ, ಕೆಟ್ಟಿರುವುದು ಅಭಿಪ್ರಾಯವಲ್ಲ, ನೋಟ.

ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳು ಇದನ್ನೇ ಇನ್ನಷ್ಟು ನೇರವಾಗಿ ಹೇಳುತ್ತವೆ. ಡೆಮಾಕ್ರಟರು ಉಳಿದ ಅಮೆರಿಕನ್ನರಿಗಿಂತ ನೀತಿಗೆಟ್ಟವರು ಎಂದು ನಂಬುವ ರಿಪಬ್ಲಿಕನ್ನರು 2016ರಲ್ಲಿ ಶೇ. 47 ಇದ್ದರು, 2022ರಲ್ಲಿ ಶೇ. 72 ಆದರು. ರಿಪಬ್ಲಿಕನ್ನರ ಬಗ್ಗೆ ಹಾಗೆ ನಂಬುವ ಡೆಮಾಕ್ರಟರು ಶೇ. 35ರಿಂದ ಶೇ. 63ಕ್ಕೆ ಏರಿದರು. ಆರೇ ವರ್ಷಗಳಲ್ಲಿ! 'ನೀನು ಹೇಳುವುದು ತಪ್ಪು' ಎನ್ನುವುದು ಒಂದು ಮಾತು. 'ನೀನು ಕೆಟ್ಟವನು, ಅದಕ್ಕೇ ಹೀಗೆ ಹೇಳುತ್ತೀಯ' ಎನ್ನುವುದು ಬೇರೆಯೇ ಮಾತು. ಮೊದಲನೆಯದಕ್ಕೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಉತ್ತರ ಕೊಡಲು ಬಾಯಿ ತೆರೆದರೂ ಅದೇ ಸಾಕ್ಷಿಯಾಗುತ್ತದೆ.

ಇಷ್ಟು ದ್ವೇಷಿಸುವ ಎದುರಾಳಿಯನ್ನು ಜನ ಬಲ್ಲರೇ? ಡಗ್ಲಸ್ ಆಲರ್ ಮತ್ತು ಗೌರವ್ ಸೂದ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿಗಳು ಬೆಚ್ಚಿಬೀಳಿಸುತ್ತವೆ. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚು ಗಳಿಸುವವರು ಎಷ್ಟು ಎಂದು ಕೇಳಿದರೆ ಜನ ಸರಾಸರಿ ಶೇ. 38 ಎಂದರು, ನಿಜದಲ್ಲಿ ಇದ್ದದ್ದು ಶೇ. 2ರ ಸುಮಾರು. ಡೆಮಾಕ್ರಟರಲ್ಲಿ ಸಲಿಂಗಿಗಳೂ ದ್ವಿಲಿಂಗಿಗಳೂ ಎಷ್ಟು ಎಂದರೆ ಶೇ. 32 ಎಂದರು, ನಿಜದಲ್ಲಿ ಶೇ. 6ರ ಸುಮಾರು. ಪ್ರತಿಯೊಬ್ಬರ ತಲೆಯಲ್ಲೂ ಎದುರು ಪಕ್ಷದ ಒಂದು ಬೆದರುಬೊಂಬೆ ನಿಂತಿದೆ, ಹೊಲದಲ್ಲಿ ದುಡಿಯುವ ಮನುಷ್ಯ ಕಾಣಿಸುತ್ತಿಲ್ಲ. ಓದಿದವರಾದರೂ ಸರಿಯಾಗಿ ಊಹಿಸಿಯಾರು ಎಂದುಕೊಂಡರೆ ಅದೂ ಸುಳ್ಳಾಯಿತು. ಮೋರ್ ಇನ್ ಕಾಮನ್ ಎಂಬ ಸಂಸ್ಥೆ 2019ರಲ್ಲಿ ನಡೆಸಿದ ಅಧ್ಯಯನದಲ್ಲಿ, ಸ್ನಾತಕೋತ್ತರ ಪದವಿ ಪಡೆದ ಡೆಮಾಕ್ರಟರು ಎದುರು ಪಕ್ಷದ ಅಭಿಪ್ರಾಯಗಳನ್ನು ಊಹಿಸುವಾಗ ಹೈಸ್ಕೂಲು ಮುಗಿಸದ ಡೆಮಾಕ್ರಟರಿಗಿಂತ ಮೂರು ಪಟ್ಟು ಹೆಚ್ಚು ತಪ್ಪಿದರು. ಓದು ಹೆಚ್ಚಿದಂತೆ ಗೆಳೆಯರೆಲ್ಲ ಒಂದೇ ಬಗೆಯವರಾಗುತ್ತಾರೆ ಎಂಬುದು ಒಂದು ಕಾರಣ. ವಿಶ್ವವಿದ್ಯಾಲಯಗಳನ್ನು ಪ್ರೀತಿಸುವವರು ಈ ಅಂಕಿಯನ್ನು ಎದೆಗೆ ಹಾಕಿಕೊಳ್ಳಬೇಕು.

ಹಿಂದೆ ಹೇಗಿತ್ತು? 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ ಒಂದು ಸಮಿತಿ ವರದಿ ಹೊರಡಿಸಿ, ಎರಡು ಪಕ್ಷಗಳ ನಡುವೆ ಸ್ಪಷ್ಟ ವ್ಯತ್ಯಾಸವಿಲ್ಲ, ಮತದಾರನಿಗೆ ನಿಜವಾದ ಆಯ್ಕೆಯಿಲ್ಲ ಎಂದು ದೂರಿತ್ತು. ಆ ದೂರಿನಲ್ಲಿ ಸತ್ಯವಿತ್ತು. ಆಗಿನ ಡೆಮಾಕ್ರಟಿಕ್ ಪಕ್ಷದಲ್ಲಿ ನ್ಯೂಯಾರ್ಕಿನ ಉದಾರವಾದಿಗಳೂ ಇದ್ದರು, ಕಪ್ಪು ಜನರನ್ನು ಮತಗಟ್ಟೆಗೆ ಬಿಡದ ದಕ್ಷಿಣದ ಭೂಮಾಲೀಕರೂ ಇದ್ದರು. ರಿಪಬ್ಲಿಕನ್ ಪಕ್ಷದಲ್ಲಿ ಲಿಂಕನ್ನನ ಹೆಸರು ಹೇಳುವ ಸುಧಾರಕರೂ ಇದ್ದರು, ಸರ್ಕಾರದ ನೆರಳು ಬಿದ್ದರೂ ಸಿಡಿಮಿಡಿಗೊಳ್ಳುವ ವ್ಯಾಪಾರಿಗಳೂ ಇದ್ದರು. ಯಾವ ಮಸೂದೆ ಬಂದರೂ ಎದುರು ಬೆಂಚಿನಲ್ಲಿ ನಾಲ್ಕು ಜನ ಗೆಳೆಯರು, ನಮ್ಮ ಬೆಂಚಿನಲ್ಲೇ ನಾಲ್ಕು ಜನ ವಿರೋಧಿಗಳು ಎಂಬಂತಿತ್ತು.

1964ರ ಜೂನ್ 10ರ ಬೆಳಿಗ್ಗೆ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಬಣ್ಣದ ಆಧಾರದ ಮೇಲೆ ಹೋಟೆಲಿನಲ್ಲಿ, ಕೆಲಸದಲ್ಲಿ ಭೇದ ಮಾಡುವುದನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಮಸೂದೆಯನ್ನು ದಕ್ಷಿಣದ ಸೆನೆಟರುಗಳು ವಾರಗಟ್ಟಲೆ ಬರೀ ಭಾಷಣದಿಂದಲೇ ತಡೆದು ನಿಲ್ಲಿಸಿದ್ದರು. ಹಿಂದಿನ ರಾತ್ರಿಯಿಡೀ ಹದಿನಾಲ್ಕು ಗಂಟೆ ನಿಂತು ಮಾತಾಡಿದ ರಾಬರ್ಟ್ ಬರ್ಡ್ ಡೆಮಾಕ್ರಟ್. ಆ ಮಾತಿನ ಅಣೆಕಟ್ಟು ಒಡೆಯಲು ತನ್ನ ಪಕ್ಷದವರನ್ನು ಒಬ್ಬೊಬ್ಬರಾಗಿ ಒಲಿಸಿ ತಂದ ಎವರೆಟ್ ಡರ್ಕ್ಸನ್ ರಿಪಬ್ಲಿಕನ್. ಅಧ್ಯಕ್ಷ ಲಿಂಡನ್ ಜಾನ್ಸನ್ ಡೆಮಾಕ್ರಟ್. ಭಾಷಣ ನಿಲ್ಲಿಸುವ ನಿರ್ಣಯವನ್ನು ಮತಕ್ಕೆ ಹಾಕಿದಾಗ ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಸಭಾಂಗಣಕ್ಕೆ ತಂದರು. ಮೆದುಳಿನ ಗಡ್ಡೆ ಅವರ ಮಾತನ್ನು ಕಿತ್ತುಕೊಂಡಿತ್ತು. ಗುಮಾಸ್ತ ಹೆಸರು ಕೂಗಿದರು. ಎಂಗಲ್ ಬಾಯಿ ತೆರೆಯಲು ನೋಡಿದರು, ಆಗಲಿಲ್ಲ. ಅಲ್ಲಿ ಒಪ್ಪಿಗೆಗೆ ಹೇಳುವ 'ಐ' ಎಂಬ ಮಾತಿಗೂ ಕಣ್ಣಿಗೆ ಹೇಳುವ ಮಾತಿಗೂ ಇಂಗ್ಲಿಷಿನಲ್ಲಿ ಒಂದೇ ಉಚ್ಚಾರ. ಅವರು ನಿಧಾನವಾಗಿ ಕೈ ಎತ್ತಿ ತಮ್ಮ ಕಣ್ಣನ್ನು ತೋರಿಸಿದರು. ಮತ ದಾಖಲಾಯಿತು. 71–29. ಪರವಾಗಿ 44 ಡೆಮಾಕ್ರಟರು, 27 ರಿಪಬ್ಲಿಕನ್ನರು. ವಿರುದ್ಧವಾಗಿ 23 ಡೆಮಾಕ್ರಟರು, 6 ರಿಪಬ್ಲಿಕನ್ನರು. ಎಂಗಲ್ ಮುಂದಿನ ತಿಂಗಳ ಕೊನೆಯಲ್ಲಿ ತೀರಿಕೊಂಡರು.

ಆದರೆ ಆ ಕಾಲದ ಸೌಹಾರ್ದವನ್ನು ನೆನೆದು ಕಣ್ಣೀರು ಹಾಕುವ ಮುಂಚೆ ಒಂದು ಕಹಿ ಮಾತು ಹೇಳಲೇಬೇಕು. ಎರಡು ಪಕ್ಷಗಳು ಅಷ್ಟು ದಿನ ಹೊಂದಿಕೊಂಡು ಬಾಳಿದ್ದು ದಕ್ಷಿಣದ ಕಪ್ಪು ಜನರ ಬೆನ್ನಿನ ಮೇಲೆ. ಅವರಿಗೆ ಮತವಿಲ್ಲ, ನ್ಯಾಯವಿಲ್ಲ ಎಂಬ ವಿಷಯವನ್ನು ಎತ್ತದೆ ಇರುವುದೇ ಆ ಗೆಳೆತನದ ಒಳಒಪ್ಪಂದವಾಗಿತ್ತು. ಹಾರ್ವರ್ಡಿನ ಸ್ಟೀವನ್ ಲೆವಿಟ್ಸ್ಕಿ ಮತ್ತು ಡೇನಿಯಲ್ ಜಿಬ್ಲಾಟ್ ಪ್ರಜಾಪ್ರಭುತ್ವಗಳ ಅವನತಿಯ ಬಗ್ಗೆ 2018ರಲ್ಲಿ ಬರೆದ ಪುಸ್ತಕದಲ್ಲಿ ಈ ಸತ್ಯವನ್ನು ಮುಚ್ಚಿಡದೆ ಹೇಳುತ್ತಾರೆ. 1964ರ ಕಾಯ್ದೆ ಆ ಒಪ್ಪಂದವನ್ನು ಮುರಿಯಿತು, ಮುರಿಯಲೇಬೇಕಿತ್ತು. ಆ ವಿಷಯದಲ್ಲಿ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಮಧ್ಯದಲ್ಲಿ ನಿಲ್ಲುವುದಕ್ಕೆ ಜಾಗವಿರಲಿಲ್ಲ. ಪರಸ್ಪರ ನಂಬಿಕೆ ಬೇಕು ಎನ್ನುವವರು ನ್ಯಾಯವನ್ನು ಒತ್ತೆಯಿಟ್ಟು ಆ ನಂಬಿಕೆಯನ್ನು ಕೊಳ್ಳಲು ಹೋಗಬಾರದು.

ಮುಂದೆ ಆದದ್ದು ಒಂದು ದೊಡ್ಡ ವಿಂಗಡಣೆ. ದಕ್ಷಿಣದ ಬಿಳಿಯ ಸಂಪ್ರದಾಯವಾದಿಗಳು ಮೂವತ್ತು ವರ್ಷಗಳಲ್ಲಿ ಒಬ್ಬೊಬ್ಬರಾಗಿ ರಿಪಬ್ಲಿಕನ್ನರಾದರು. ಈಶಾನ್ಯದ ಉದಾರವಾದಿ ರಿಪಬ್ಲಿಕನ್ನರ ಮಕ್ಕಳು ಡೆಮಾಕ್ರಟರಾದರು. ಕೇರಿದ ಮೊರದ ಹಾಗೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಆಯಿತು. ಯಾವುದು ಕಾಳು, ಯಾವುದು ಹೊಟ್ಟು ಎಂಬುದನ್ನು ಮಾತ್ರ ಇಬ್ಬರೂ ತಮ್ಮ ಅನುಕೂಲಕ್ಕೆ ತಕ್ಕಂತೆ ಹೇಳುತ್ತಾರೆ. ಜನ ವಾಸಿಸುವ ಊರುಗಳೂ ಹಾಗೆಯೇ ಬೇರ್ಪಟ್ಟವು. ಒಂದು ಪಕ್ಷ 20 ಶೇಕಡಾ ಅಂಶಗಳಿಗಿಂತ ಹೆಚ್ಚು ಅಂತರದಿಂದ ಗೆಲ್ಲುವ ಕೌಂಟಿಗಳಲ್ಲಿ 1976ರಲ್ಲಿ ಕಾಲುಭಾಗದಷ್ಟು ಅಮೆರಿಕನ್ನರು ಬಾಳುತ್ತಿದ್ದರೆ, 2004ರ ಹೊತ್ತಿಗೆ ಹತ್ತಿರಹತ್ತಿರ ಅರ್ಧದಷ್ಟು ಜನ ಬಾಳುತ್ತಿದ್ದರು ಎಂದು ಪತ್ರಕರ್ತ ಬಿಲ್ ಬಿಷಪ್ ಲೆಕ್ಕ ಹಾಕಿದರು. ಚರ್ಚು ಬೇರೆ, ಬಡಾವಣೆ ಬೇರೆ, ಕೊನೆಗೆ ಸುದ್ದಿಯೂ ಬೇರೆ. ಎದುರು ಪಕ್ಷಕ್ಕೆ ವೋಟು ಹಾಕಿದ ನೆರೆಯವನ ಮನೆಯಿಂದ ಸಕ್ಕರೆ ಕಡ ತರುವ ದಿನಗಳು ಕಡಿಮೆಯಾದವು.

ವಾಷಿಂಗ್ಟನ್ನಿನಲ್ಲೂ ಇದೇ ಆಯಿತು. ಸಂಸತ್ತಿನ ಕೆಳಮನೆಯ ಕಲಾಪ 1979ರಲ್ಲಿ ಟೀವಿಗೆ ಬಂತು. ಜಾರ್ಜಿಯಾದ ಯುವ ಸದಸ್ಯ ನ್ಯೂಟ್ ಗಿಂಗ್ರಿಚ್ ಮತ್ತು ಅವರ ಸಂಗಾತಿಗಳು ದಿನದ ಕೆಲಸ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಎದ್ದು ನಿಂತು ಡೆಮಾಕ್ರಟರನ್ನು ಜರಿಯುತ್ತಿದ್ದರು. ಎದುರಾಳಿಗಳಿಗೆ ಸವಾಲು ಹಾಕುವರು. ಉತ್ತರವಿಲ್ಲದೆ ಅವರು ತೆಪ್ಪಗೆ ಕೂತಿದ್ದಾರೆ ಎಂದು ಮನೆಯಲ್ಲಿ ಟೀವಿ ನೋಡುವವರು ತಿಳಿಯುವರು. 1984ರ ಮೇ ತಿಂಗಳಲ್ಲಿ ಸಭಾಧ್ಯಕ್ಷ ಟಿಪ್ ಓನೀಲ್ ಸಿಟ್ಟಿಗೆದ್ದು, ಕ್ಯಾಮೆರಾ ತಿರುಗಿಸಿ ಇಡೀ ಸಭಾಂಗಣ ತೋರಿಸಿ ಎಂದು ಆಜ್ಞೆ ಮಾಡಿದರು. ಪರದೆಯ ಮೇಲೆ ಸಾಲುಸಾಲು ಖಾಲಿ ಕುರ್ಚಿಗಳು. ಭಾಷಣಕಾರ ಯಾರೂ ಇಲ್ಲದ ಕೋಣೆಗೆ ಗದರಿಸುತ್ತಿದ್ದಾನೆ! ಆ ದೃಶ್ಯದಲ್ಲಿ ಮುಂದಿನ ನಲವತ್ತು ವರ್ಷಗಳ ರಾಜಕೀಯವೆಲ್ಲ ಅಡಗಿತ್ತು: ಎದುರಾಳಿಗೆ ಹೇಳುವ ನೆಪದಲ್ಲಿ ತನ್ನವರಿಗೆ ಹೇಳುವುದು, ಉತ್ತರ ಬಾರದ ಕಡೆ ಪ್ರಶ್ನೆ ಕೇಳುವುದು. ಗಿಂಗ್ರಿಚ್ 1995ರಲ್ಲಿ ಸಭಾಧ್ಯಕ್ಷರಾದ ಮೇಲೆ, ಹೊಸ ಸದಸ್ಯರು ಸಂಸಾರವನ್ನು ರಾಜಧಾನಿಗೆ ತರದೆ ಕ್ಷೇತ್ರದಲ್ಲೇ ಬಿಟ್ಟುಬರುವುದು ರೂಢಿಯಾಯಿತು. ಹಿಂದೆ ಎರಡೂ ಪಕ್ಷದವರ ಮಕ್ಕಳು ಒಂದೇ ಶಾಲೆಯಲ್ಲಿ ಓದುತ್ತಿದ್ದರು, ಹೆಂಡತಿಯರು ಒಟ್ಟಿಗೆ ಅಂಗಡಿಗೆ ಹೋಗುತ್ತಿದ್ದರು. ಭಾನುವಾರ ಒಂದೇ ಮೇಜಿನಲ್ಲಿ ಉಂಡವನನ್ನು ಸೋಮವಾರ ದೇಶದ್ರೋಹಿ ಎನ್ನಲು ನಾಲಿಗೆ ತಡೆಯುತ್ತದೆ. ಆ ತಡೆ ಹೋಯಿತು.

ಮಾಧ್ಯಮದ ಪಾಲನ್ನು ಬಹಳ ಜನ ಬಹಳ ಹೇಳಿದ್ದಾರೆ. ಇಲ್ಲಿ ಎರಡು ಮಾತು ಸಾಕು. ವಿವಾದದ ವಿಷಯದಲ್ಲಿ ಎರಡೂ ಬದಿಯ ವಾದಕ್ಕೆ ಜಾಗ ಕೊಡಬೇಕೆಂಬ ಪ್ರಸಾರ ನಿಯಮವನ್ನು 1987ರಲ್ಲಿ ಕೈಬಿಡಲಾಯಿತು, ಮರುವರ್ಷವೇ ರಷ್ ಲಿಂಬಾ ಅವರ ರೇಡಿಯೊ ಕಾರ್ಯಕ್ರಮ ದೇಶವ್ಯಾಪಿಯಾಯಿತು. 1996ರಲ್ಲಿ ಎಂಎಸ್‌ಎನ್‌ಬಿಸಿ ಮತ್ತು ಫಾಕ್ಸ್ ನ್ಯೂಸ್ ಕೆಲವೇ ತಿಂಗಳ ಅಂತರದಲ್ಲಿ ಹುಟ್ಟಿ, ಕಾಲಕ್ರಮದಲ್ಲಿ ಒಂದೊಂದು ಬದಿಯ ಮನೆಯ ಟೀವಿಯಾದವು.

ಮತಗಳ ಎಣಿಕೆಯಲ್ಲಿ ಇದರ ಫಲ ನೇರವಾಗಿ ಓದಲು ಸಿಗುತ್ತದೆ. ವೃದ್ಧರಿಗೆ ಆರೋಗ್ಯ ವಿಮೆ ಕೊಡುವ ಮೆಡಿಕೇರ್ 1965ರಲ್ಲಿ ಕೆಳಮನೆಯಲ್ಲಿ 307–116ರಿಂದ ಅಂಗೀಕಾರವಾದಾಗ ರಿಪಬ್ಲಿಕನ್ನರಲ್ಲಿ ಅರ್ಧಕ್ಕೂ ತುಸು ಹೆಚ್ಚು ಮಂದಿ ಪರವಾಗಿದ್ದರು. ಒಬಾಮ ಅವರ ಆರೋಗ್ಯ ವಿಮೆ ಕಾಯ್ದೆ 2010ರಲ್ಲಿ 219–212ರಿಂದ ದಾಟಿತು; ಪರವಾಗಿ ಒಬ್ಬ ರಿಪಬ್ಲಿಕನ್ ಕೂಡ ಇರಲಿಲ್ಲ. ಎದುರು ಪಕ್ಷದವರ ಸಹಿಯಿಲ್ಲದ ಕಾನೂನು ಎದುರು ಪಕ್ಷ ಗೆದ್ದ ದಿನವೇ ಕೊಡಲಿ ಏಟಿಗೆ ಸಿಗುತ್ತದೆ. ಕಾಯಿಲೆಯವರು ನಾಳೆ ತಮ್ಮ ವಿಮೆ ಇದೆಯೋ ಇಲ್ಲವೋ ಎಂದು ಪ್ರತಿ ಚುನಾವಣೆಗೂ ನಡುಗುತ್ತಾರೆ.

ಅಪನಂಬಿಕೆ ಜೀವವನ್ನೂ ತೆಗೆಯುತ್ತದೆ. ಕೋವಿಡ್ ಲಸಿಕೆಯನ್ನು ಬೇಗ ತಯಾರಿಸಲು ಹಣ ಸುರಿದದ್ದು ಡೊನಾಲ್ಡ್ ಟ್ರಂಪ್ ಅವರ ರಿಪಬ್ಲಿಕನ್ ಸರ್ಕಾರ. ಅದನ್ನು ಹಾಕಿಸಿಕೊಳ್ಳಿ ಎಂದು ಮನೆಮನೆಗೆ ಹೇಳಿದ್ದು ಜೋ ಬೈಡನ್ ಅವರ ಡೆಮಾಕ್ರಟಿಕ್ ಸರ್ಕಾರ. ಹೇಳಿದ ಬಾಯಿ ಬದಲಾದದ್ದೇ ತಡ, ಸಿರಿಂಜಿಗೂ ಪಕ್ಷದ ಬಣ್ಣ ಹತ್ತಿತು. ಫ್ಲೋರಿಡಾ ಮತ್ತು ಒಹಾಯೊ ರಾಜ್ಯಗಳ ಸಾವಿನ ದಾಖಲೆಗಳನ್ನು ಮತದಾರರ ಪಟ್ಟಿಯೊಂದಿಗೆ ಹೊಂದಿಸಿ ನೋಡಿದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಫಲಿತಾಂಶ ಪ್ರಕಟಿಸಿದರು: ಎಲ್ಲ ವಯಸ್ಕರಿಗೂ ಲಸಿಕೆ ಸಿಗತೊಡಗಿದ ಮೇಲೆ, ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಸಾವಿನ ಪ್ರಮಾಣ ರಿಪಬ್ಲಿಕನ್ ಮತದಾರರಲ್ಲಿ ಡೆಮಾಕ್ರಟಿಕ್ ಮತದಾರರಿಗಿಂತ ಶೇ. 43ರಷ್ಟು ಹೆಚ್ಚಿತ್ತು. ಅವರೆಲ್ಲ ಯಾರದೋ ಅಜ್ಜ, ಯಾರದೋ ಅಮ್ಮ. ಅವರ ಸಾವನ್ನು ಎದುರು ಪಕ್ಷದವರು ಕೆಲವರು ಹಂಗಿಸಿದರು. ಅದು ಅಪನಂಬಿಕೆಯ ತಳ ಮುಟ್ಟಿದ ಘಳಿಗೆ.

ಹಾಗಾದರೆ ಎದುರು ಪಕ್ಷದ ಮಾತನ್ನು ಹೆಚ್ಚು ಹೆಚ್ಚು ಕೇಳಿಸಿದರೆ ಸಾಕೇ? ಡ್ಯೂಕ್ ವಿಶ್ವವಿದ್ಯಾಲಯದ ಕ್ರಿಸ್ ಬೇಲ್ ಮತ್ತು ಸಂಗಡಿಗರು ಅದನ್ನೇ ಪರೀಕ್ಷಿಸಿದರು. ಟ್ವಿಟರ್ ಬಳಸುವವರಿಗೆ 11 ಡಾಲರ್ ಕೊಟ್ಟು, ಎದುರು ಪಕ್ಷದ ನಾಯಕರ, ಪತ್ರಕರ್ತರ ಮಾತುಗಳನ್ನು ದಿನವೂ ಹಂಚುವ ಒಂದು ಖಾತೆಯನ್ನು ಒಂದು ತಿಂಗಳು ಹಿಂಬಾಲಿಸಲು ಹೇಳಿದರು. 2018ರಲ್ಲಿ ಬಂದ ಫಲಿತಾಂಶ ತಲೆಕೆಳಗಾಗಿತ್ತು: ಉದಾರವಾದಿಗಳ ಮಾತು ಕೇಳಿದ ರಿಪಬ್ಲಿಕನ್ನರು ಇನ್ನಷ್ಟು ಸಂಪ್ರದಾಯವಾದಿಗಳಾಗಿದ್ದರು. ಡೆಮಾಕ್ರಟರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ, ಮೆತ್ತಗಂತೂ ಆಗಿರಲಿಲ್ಲ. ಮುಖವಿಲ್ಲದ ಮಾತು ಕಿವಿಗೆ ಬಿದ್ದರೆ ಮನಸ್ಸು ಕೋಟೆಯ ಬಾಗಿಲು ಹಾಕಿಕೊಳ್ಳುತ್ತದೆ.

ಮುಖಾಮುಖಿ ಕೂರಿಸಿದರೆ ಬೇರೆಯದೇ ಆಗುತ್ತದೆ. 2016ರ ಚುನಾವಣೆ ಮುಗಿದ ಮರುತಿಂಗಳು, ಡಿಸೆಂಬರ್‌ನಲ್ಲಿ, ಒಹಾಯೊ ರಾಜ್ಯದ ಸೌತ್ ಲೆಬನಾನ್ ಎಂಬ ಸಣ್ಣ ಊರಿನಲ್ಲಿ 10 ಮಂದಿ ಟ್ರಂಪ್ ಬೆಂಬಲಿಗರೂ 11 ಮಂದಿ ಹಿಲರಿ ಕ್ಲಿಂಟನ್ ಬೆಂಬಲಿಗರೂ ವಾರಾಂತ್ಯವೊಂದನ್ನು ಒಟ್ಟಿಗೆ ಕಳೆದರು. ಮುಂದೆ ಬ್ರೇವರ್ ಏಂಜಲ್ಸ್ ಎಂಬ ಹೆಸರು ಪಡೆದ ಸಂಘಟನೆಯ ಮೊದಲ ಕಮ್ಮಟ ಅದು. ಅದರ ರೂಪರೇಷೆ ಹಾಕಿದ ಬಿಲ್ ಡೊಹರ್ಟಿ ರಾಜ್ಯಶಾಸ್ತ್ರಜ್ಞರಲ್ಲ, ಮುರಿಯುವ ಹಂತಕ್ಕೆ ಬಂದ ದಂಪತಿಗಳಿಗೆ ಸಮಾಧಾನ ಹೇಳುವ ಕುಟುಂಬ ಚಿಕಿತ್ಸಕರು. ಅವರ ಕಟ್ಟಳೆ ಒಂದೇ: ಯಾರೂ ಯಾರನ್ನೂ ಒಪ್ಪಿಸಲು ಹೋಗಬಾರದು. ಮೊದಲು ಎರಡೂ ಗುಂಪುಗಳನ್ನು ಬೇರೆ ಬೇರೆ ಕೂರಿಸಿ, 'ಎದುರಿನವರು ನಮ್ಮ ಬಗ್ಗೆ ಏನೆಂದು ತಿಳಿದಿದ್ದಾರೆ?' ಎಂದು ಪಟ್ಟಿ ಮಾಡಿಸುತ್ತಾರೆ. ಇಂಥ ಕಮ್ಮಟಗಳಲ್ಲಿ ಕೆಂಪು ಗುಂಪಿನ ಪಟ್ಟಿಯ ತಲೆಯಲ್ಲೇ ಸಾಮಾನ್ಯವಾಗಿ ಬರುವುದು 'ಜನಾಂಗದ್ವೇಷಿಗಳು' ಎಂಬ ಮಾತು. ನೀಲಿ ಗುಂಪಿನವರ ಪಟ್ಟಿಯಲ್ಲಿ 'ಅಹಂಕಾರಿಗಳು', 'ದೇಶಾಭಿಮಾನವಿಲ್ಲದವರು' ಎಂಬಂಥವು. ಆಮೇಲೆ ಎರಡು ಪ್ರಶ್ನೆ. ಇದರಲ್ಲಿ ತಪ್ಪೇನು? ಇದರಲ್ಲಿ ಒಂದು ಕಾಳಿನಷ್ಟಾದರೂ ನಿಜ ಇದೆಯೇ? ಎರಡನೆಯ ಪ್ರಶ್ನೆಗೆ ಉತ್ತರವನ್ನು ಎದುರಿನವರ ಮುಂದೆ ಗಟ್ಟಿಯಾಗಿ ಓದಬೇಕು. ಮುಂದಿನ ಸರದಿಯಲ್ಲಿ ಒಂದು ಗುಂಪು ನಡುವೆ ವೃತ್ತಾಕಾರವಾಗಿ ಕೂತು ತಮ್ಮತಮ್ಮಲ್ಲೇ ಮಾತಾಡುತ್ತದೆ. ಇನ್ನೊಂದು ಗುಂಪು ಸುತ್ತ ಕೂತು ತುಟಿ ಬಿಚ್ಚದೆ ಕೇಳುತ್ತದೆ.

ಇಪ್ಪತ್ತೊಂದು ಜನರ ಕಮ್ಮಟದಿಂದ ಮೂವತ್ತಮೂರು ಕೋಟಿ ಜನರ ದೇಶ ಬದಲಾಗುವುದಿಲ್ಲ, ನಿಜ. ತನ್ನ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಸೋಲುವ ಭಯದಿಂದ ಎದುರಿನವರ ಜೊತೆ ಕೈಕುಲುಕಲೂ ಅಂಜುವ ಸಂಸದನನ್ನು ಯಾವ ಕಮ್ಮಟವೂ ಧೈರ್ಯಶಾಲಿ ಮಾಡದು. ಅಧ್ಯಕ್ಷ ಚುನಾವಣೆಯ ಫಲಿತಾಂಶ ಒಪ್ಪದೆ 2021ರ ಜನವರಿ 6ರಂದು ಸಂಸತ್ತಿನ ಗಾಜು ಒಡೆದು ನುಗ್ಗಿದವರಿಗೆ ಬೇಕಾದದ್ದು ಸಂವಾದವಲ್ಲ, ನ್ಯಾಯಾಲಯ. ಆದರೂ ಡೊಹರ್ಟಿ ಅವರ ಎರಡನೆಯ ಪ್ರಶ್ನೆಯಲ್ಲಿ ಒಂದು ಹಳೆಯ ವಿದ್ಯೆ ಇದೆ. ನಮ್ಮ ಶಾಸ್ತ್ರಕಾರರು ಅದನ್ನು ಪೂರ್ವಪಕ್ಷ ಎಂದರು. ಎದುರಾಳಿಯ ವಾದವನ್ನು ಅವನೇ ತಲೆದೂಗುವ ಹಾಗೆ ಮೊದಲು ಮಂಡಿಸಬೇಕು, ಆಮೇಲೆ ಸಿದ್ಧಾಂತ. ಪೂರ್ವಪಕ್ಷವನ್ನು ಸೊರಗಿಸಿ ಮಂಡಿಸಿದವನ ಸಿದ್ಧಾಂತವೂ ಸೊರಗಿದ್ದೇ ಆಗಿರುತ್ತದೆ.

ಆ ವಿದ್ಯೆಯನ್ನು ಈಚಿನ ಅಮೆರಿಕದಲ್ಲಿ ಬಾಳಿ ತೋರಿಸಿದ ಇಬ್ಬರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು. ಸಂಪ್ರದಾಯವಾದಿ ಆಂಟನಿನ್ ಸ್ಕಲಿಯಾ ಅವರನ್ನು ಸೆನೆಟ್ 1986ರಲ್ಲಿ 98–0ಯಿಂದ ಒಪ್ಪಿತ್ತು. ಉದಾರವಾದಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರನ್ನು 1993ರಲ್ಲಿ 96–3ರಿಂದ. ಇಬ್ಬರಿಗೂ ಆಪೆರಾ ಎಂದರೆ ಪ್ರಾಣ. ಹೊಸ ವರ್ಷದ ಹಿಂದಿನ ರಾತ್ರಿ ಎರಡೂ ಸಂಸಾರಗಳ ಊಟ ಒಟ್ಟಿಗೆ. 1994ರಲ್ಲಿ ಇಬ್ಬರೂ ಭಾರತಕ್ಕೆ ಬಂದಾಗ ಒಂದೇ ಆನೆಯ ಮೇಲೆ ಕೂತ ಫೋಟೊ ಇಂದಿಗೂ ಪ್ರಸಿದ್ಧ. ತೀರ್ಪುಗಳಲ್ಲಿ ಮಾತ್ರ ಇಬ್ಬರೂ ಹಾವು-ಮುಂಗುಸಿ.

1996ರಲ್ಲಿ ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟ್ ಪ್ರಕರಣ ಬಂತು. ರಾಜ್ಯ ಸರ್ಕಾರದ ಹಣದಲ್ಲಿ ನಡೆಯುವ ಆ ಸಂಸ್ಥೆ ಹೆಣ್ಣುಮಕ್ಕಳಿಗೆ ಪ್ರವೇಶ ಕೊಡುತ್ತಿರಲಿಲ್ಲ. ಅದು ಸಂವಿಧಾನಕ್ಕೆ ವಿರುದ್ಧ ಎಂಬ ಬಹುಮತದ ತೀರ್ಪನ್ನು ಗಿನ್ಸ್‌ಬರ್ಗ್ ಬರೆಯುತ್ತಿದ್ದರು. ಅದು ಅವರ ಜೀವಮಾನದ ಹೋರಾಟದ ವಿಷಯ. ಭಿನ್ನಮತ ಬರೆಯುತ್ತಿದ್ದವರು ಸ್ಕಲಿಯಾ ಒಬ್ಬರೇ. ಒಂದು ದಿನ ಸ್ಕಲಿಯಾ, ಗಿನ್ಸ್‌ಬರ್ಗ್ ಅವರ ಕೋಣೆಗೆ ಬಂದು ಮೇಜಿನ ಮೇಲೆ ಕಾಗದದ ಕಟ್ಟೊಂದನ್ನು ಹಾಕಿದರು. ಭಿನ್ನಮತದ ಕರಡು. ಇನ್ನೂ ಉಳಿದ ನ್ಯಾಯಮೂರ್ತಿಗಳಿಗೆ ಕಳಿಸುವಷ್ಟು ಹದವಾಗಿಲ್ಲ, ಆದರೆ ಉತ್ತರ ಬರೆಯಲು ನಿಮಗೆ ಆದಷ್ಟು ಹೆಚ್ಚು ಸಮಯ ಸಿಗಲಿ ಎಂದು ತಂದೆ ಎಂದರು. ಗಿನ್ಸ್‌ಬರ್ಗ್ ಅದನ್ನು ವಿಮಾನದಲ್ಲಿ ಓದಿದರು. ಬೆಂಕಿಯಂಥ ಬರಹ. ದೊಡ್ಡ ತಪ್ಪಿನಿಂದ ಹಿಡಿದು ಒಂದು ವಿಶ್ವವಿದ್ಯಾಲಯದ ಹೆಸರನ್ನು ತಪ್ಪಾಗಿ ಬರೆದದ್ದರ ತನಕ ಯಾವುದನ್ನೂ ಬಿಟ್ಟಿರಲಿಲ್ಲ. ಅವರ ವಾರಾಂತ್ಯವೆಲ್ಲ ಉತ್ತರ ಹುಡುಕುವುದರಲ್ಲೇ ಹೋಯಿತು. ಸ್ಕಲಿಯಾ ಅವರ ಕಟು ಟೀಕೆಯಿಂದಾಗಿಯೇ ತಮ್ಮ ತೀರ್ಪು ಹೆಚ್ಚು ಗಟ್ಟಿಯಾಯಿತು ಎಂದು ಗಿನ್ಸ್‌ಬರ್ಗ್ ಗೆಳೆಯ ತೀರಿಕೊಂಡಾಗ ನೆನೆದರು.

ಸ್ಕಲಿಯಾ ಒಪ್ಪಲಿಲ್ಲ, ಕೊನೆಯವರೆಗೂ ಒಪ್ಪಲಿಲ್ಲ. 1996ರ ಜೂನ್ 26ರಂದು 7–1ರ ತೀರ್ಪು ಹೊರಬಂತು. ಮರುವರ್ಷ ಆಗಸ್ಟ್‌ನಲ್ಲಿ ಲೆಕ್ಸಿಂಗ್ಟನ್ ಊರಿನ ಆ ಸಂಸ್ಥೆಗೆ 30 ಮಂದಿ ಹುಡುಗಿಯರು ಸೇರಿದರು.

ಸ್ಕಲಿಯಾ 2016ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಒಬಾಮ ಹೆಸರಿಸಿದ ಮೆರಿಕ್ ಗಾರ್ಲೆಂಡ್ ಅವರನ್ನು ಸೆನೆಟ್ ಒಂದು ದಿನವೂ ವಿಚಾರಣೆಗೆ ಕರೆಯಲಿಲ್ಲ; ವರ್ಷವಿಡೀ ಕುರ್ಚಿ ಖಾಲಿಯಿತ್ತು. 2017ರ ಫೆಬ್ರುವರಿ ಮೊದಲ ವಾರದಲ್ಲಿ ಗಿನ್ಸ್‌ಬರ್ಗ್, ಆಗ 83ರ ವಯಸ್ಸು, ಲೆಕ್ಸಿಂಗ್ಟನ್ನಿಗೆ ಹೋಗಿ ಆ ಮಿಲಿಟರಿ ಸಂಸ್ಥೆಯ ಹುಡುಗ ಹುಡುಗಿಯರ ಮುಂದೆ ಮಾತಾಡಿದರು. ಸ್ಕಲಿಯಾ ಬಿಟ್ಟುಹೋದ ಕುರ್ಚಿಗೆ ಅಧ್ಯಕ್ಷ ಟ್ರಂಪ್ ಹೊಸ ಹೆಸರು ಪ್ರಕಟಿಸಿದ್ದೂ ಅದೇ ವಾರ. ಎರಡು ತಿಂಗಳ ನಂತರ ಸೆನೆಟ್ ತನ್ನ ನಿಯಮವನ್ನೇ ಬದಲಿಸಿ, 54–45ರಿಂದ ಆ ಕುರ್ಚಿಯನ್ನು ತುಂಬಿತು.